ಫ್ರೆಂಡ್ ನಾಯಿನ ನಾಲ್ಕು ದಿನ ಮನೇಲಿ ಇಟ್ಕೊಳ್ಳೋದು ಹೇಗೆ: ಬಾಗಿಲಿಂದ ಶುರು ಮಾಡಿ ಹಂತ ಹಂತವಾಗಿ

ಹಬ್ಬದ ರಜೆ, ಬೇಸಿಗೆ ರಜೆ, ಮದುವೆ ಸೀಸನ್ನು ಬಂತು ಅಂದ್ರೆ ಯಾರಾದ್ರೂ ಒಬ್ರು ಫ್ರೆಂಡು ಫೋನ್ ಮಾಡಿ "ನಾಲ್ಕೇ ದಿನ ಕಣೋ, ತುಂಬಾ ಪಾಪದ ನಾಯಿ, ಏನೂ ತೊಂದ್ರೆ ಕೊಡಲ್ಲ" ಅಂತ ಹೇಳಿ ನಾಯಿನ ಬಿಟ್ಟು ಹೋಗ್ತಾರೆ. ಆಮೇಲೆ ಬರೋ ಪ್ರಶ್ನೆಗಳು ಪ್ರತಿ ಸಲನೂ ಅವೇ. ಊಟ ಮುಟ್ತಿಲ್ಲ, ಸೋಫಾ ಮೇಲೆ ಉಚ್ಚೆ ಹೊಯ್ದಿದೆ, ರಾತ್ರಿಯೆಲ್ಲಾ ಅಳುತ್ತೆ, ಮನೆ ಒರೆಸೋಕೆ ಬಿಡ್ತಿಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ಬಾಗಿಲು ತೆಗೆದಿದ್ದೇ ತಡ ಓಡಿಹೋಯ್ತು. ಇವೆಲ್ಲ ಬೇರೆ ಬೇರೆ ತೊಂದ್ರೆ ಅನ್ಸುತ್ತೆ, ಆದ್ರೆ ಕೂತು ಕೇಳಿದ್ರೆ ಹೆಚ್ಚು ಕಮ್ಮಿ ಎಲ್ಲಾ ಕಡೆ ಕಾರಣ ಒಂದೇ, ಮಾಡೋ ಕ್ರಮ ಉಲ್ಟಾ ಆಗಿರುತ್ತೆ. ನಾಯಿ ಬಂದ ತಕ್ಷಣ ಎಲ್ರೂ ಮುತ್ಕೊಂಡು ಮುದ್ದು ಮಾಡಿ, ಬಿಸ್ಕೆಟ್ ಕೊಟ್ಟು, ಮನೆಯೆಲ್ಲಾ ಸುತ್ತಾಡೋಕೆ ಬಿಡ್ತೀವಿ, ಬಾಗಿಲು, ಬಾಲ್ಕನಿ, ಫಿನಾಯಿಲ್ ಇವೆಲ್ಲ ಏನಾದ್ರೂ ಆದ್ಮೇಲೆ ನೆನಪಾಗುತ್ತೆ. ಆಗಬೇಕಾದ್ದು ಮೊದಲು ಬಾಗಿಲು, ಆಮೇಲೆ ಮಲಗೋ ಜಾಗ, ಆಮೇಲೆ ಟೈಮು, ಅದಾದ್ಮೇಲೆ ಊಟ, ಮುದ್ದು ಕೊನೆಗೆ, ಅದೂ ನಾಯಿ ತಾನಾಗೇ ಹತ್ರ ಬಂದಾಗ.

## ಮೊದಲೇ ರೆಡಿ ಇರಬೇಕಾದ ಸಾಮಾನು

ಹೊಸದಾಗಿ ಏನೂ ಕೊಳ್ಳೋದು ಬೇಡ, ಹೆಚ್ಚಿನದು ಫ್ರೆಂಡ್ ಮನೆಯಿಂದಲೇ ಬರಬೇಕು, ಯಾಕಂದ್ರೆ ನಾಯಿಗೆ ಗೊತ್ತಿರೋದು ಆ ವಾಸನೆ.

- ಅದರದ್ದೇ ಚಾಪೆ ಅಥವಾ ಬೆಡ್ಡು, ಒಗೀದೇ ಇರೋದು
- ಫ್ರೆಂಡ್ ಹಾಕ್ಕೊಂಡು ಬಿಟ್ಟ ಒಂದು ಹಳೇ ಟೀ ಶರ್ಟು
- ಅದರದ್ದೇ ತಟ್ಟೆ, ಬಟ್ಟಲು, ಅಷ್ಟೂ ದಿನಕ್ಕೆ ಸಾಕಾಗೋ ಊಟ
- ಕುತ್ತಿಗೆ ಬೆಲ್ಟು, ಹಾರ್ನೆಸ್ಸು (ಎದೆ ಸುತ್ತ ಹಾಕೋ ಪಟ್ಟಿ), ಎರಡು ಲೀಶು (ಹಿಡ್ಕೊಂಡು ನಡೆಸೋ ಹಗ್ಗ)
- ಬೆಲ್ಟಿಗೆ ಕಟ್ಟೋ ಟ್ಯಾಗು, ಅದರ ಮೇಲೆ ನಿಮ್ಮ ನಂಬರ್ರು. ಊರಲ್ಲಿಲ್ಲದ ಓನರ್ ನಂಬರ್ ಒಂದೇ ಇದ್ರೆ ಸಿಕ್ಕಿದವ್ರು ಫೋನ್ ಮಾಡಿದ್ರೂ ಉಪಯೋಗ ಇಲ್ಲ
- ಹಳೇ ನ್ಯೂಸ್‌ಪೇಪರ್ರು, ಎರಡು ಹಳೇ ಟವೆಲ್ಲು, ರಬ್ಬರ್ ಗ್ಲೌಸು

ಟೀ ಶರ್ಟ್ ವಿಷ್ಯ ಸುಮ್ನೆ ಹೇಳ್ತಿಲ್ಲ, ರಾತ್ರಿ ಅಳೋ ನಾಯಿಗೆ ಅದರಷ್ಟು ಉಪಯೋಗಕ್ಕೆ ಬರೋದು ಇನ್ನೊಂದಿಲ್ಲ.

## ಹಂತ 1: ಹೂಂ ಅನ್ನೋ ಮುಂಚೆ ಕೇಳಿ

"ಪಾಪದ ನಾಯಿ" ಅನ್ನೋದು ಉತ್ತರ ಅಲ್ಲ. ರೇಬೀಸ್ ಇಂಜೆಕ್ಷನ್ ಯಾವಾಗ ಆಗಿದೆ, ಕಾರ್ಡ್ ಫೋಟೋ ಕಳಿಸಿ ಅಂತ ಕೇಳಿ, ಸ್ನೇಹಿತರ ಹತ್ರ ಇದನ್ನ ಕೇಳೋಕೆ ಸಂಕೋಚ ಬೇಡ. ಯಾವುದಕ್ಕೆ ಹೆದರುತ್ತೆ, ಕುಕ್ಕರ್ ಸೀಟಿಗಾ, ಮಿಕ್ಸಿಗಾ, ಗುಡುಗಿಗಾ, ಪಟಾಕಿಗಾ? ಊಟ ಮಾಡುವಾಗ ತಟ್ಟೆ ಹತ್ರ ಹೋದ್ರೆ ಗುರ್ ಅನ್ನುತ್ತಾ? ಮಕ್ಕಳ ಜೊತೆ ಇದ್ದು ಅಭ್ಯಾಸ ಇದೆಯಾ? ಹೆಣ್ಣು ನಾಯಿ ಆದ್ರೆ ಆಪರೇಷನ್ ಆಗಿದೆಯಾ, ಇಲ್ಲಾಂದ್ರೆ ಹೀಟ್ (ಬೆದೆ) ಟೈಮಾ? ಯಾವ ಮಾತಲ್ಲಿ ಹೇಳಿದ್ರೆ ಕೇಳುತ್ತೆ ಅನ್ನೋದನ್ನೂ ಬರೆದಿಟ್ಕೊಳ್ಳಿ, ಅವ್ರ ಮನೇಲಿ "ಕೂತ್ಕೋ" ಅಂತಿದ್ರೆ ನೀವು "ಸಿಟ್ ಸಿಟ್" ಅಂತ ಕೂಗಿ ಪ್ರಯೋಜನ ಇಲ್ಲ.

ಮುಖ್ಯವಾದದ್ದು ಇನ್ನೊಂದು. ಅದರ ಡಾಕ್ಟ್ರ ನಂಬರ್ ತಗೊಂಡು, "ಅರ್ಜೆಂಟ್ ಆದ್ರೆ, ನಾನು ಫೋನಿಗೆ ಸಿಗದೇ ಇದ್ರೂ, ಚಿಕಿತ್ಸೆ ಮಾಡಿಸು, ಖರ್ಚು ನಂದು" ಅಂತ ಫ್ರೆಂಡ್ ಕೈಲಿ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿಸ್ಕೊಳ್ಳಿ. ಓನರ್ ವಿಮಾನದಲ್ಲಿ ಕೂತಿರ್ತಾರೆ, ನೀವಿಲ್ಲಿ ಆಪರೇಷನ್ ಮಾಡಿಸ್ಲಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ನಿಲ್ಲೋ ಹಾಗಾಗಬಾರದು.

ಬಾಡಿಗೆ ಮನೆ ಆದ್ರೆ ಮನೆ ಓನರ್‌ಗೆ, ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯುರಿಟಿಗೆ ಮುಂಚೆನೇ ಒಂದು ಮಾತು ಹೇಳಿಬಿಡಿ. ಅಸೋಸಿಯೇಷನ್‌ನವ್ರು ಸಾಕುನಾಯಿನ ಪೂರ್ತಿ ಬ್ಯಾನ್ ಮಾಡೋ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ಆದ್ರೂ ಪಕ್ಕದ ಮನೆಯವ್ರಿಗೆ ಮೊದಲೇ ಗೊತ್ತಿದ್ರೆ ರಾತ್ರಿ ಬೊಗಳಿದಾಗ ಜಗಳ ಕಮ್ಮಿ.

## ಹಂತ 2: ಬಾಗಿಲು, ಗೇಟು, ಬಾಲ್ಕನಿ

ಇದನ್ನ ನಾಯಿ ಬರೋ ಹಿಂದಿನ ದಿನವೇ ಮುಗಿಸಿ. ಹೊಸ ಮನೆಗೆ ಬಂದ ನಾಯಿಗೆ ಮೊದಲ ಒಂದೆರಡು ದಿನ ಇರೋದು ಒಂದೇ ಯೋಚ್ನೆ, ತನ್ನ ಮನೆಗೆ ವಾಪಸ್ ಹೋಗಬೇಕು. ಬಾಗಿಲು ಒಂದಡಿ ತೆಗೆದ್ರೂ ಸಾಕು. ಹಾಲಿನವ್ರು, ಪಾರ್ಸೆಲ್‌ನವ್ರು, ಕೆಲಸಕ್ಕೆ ಬರೋ ಅಕ್ಕ, ಸ್ಕೂಲಿಂದ ಬರೋ ಮಕ್ಕಳು, ಇವ್ರು ಬಂದಾಗಲೇ ನಾಯಿ ತಪ್ಪಿಸ್ಕೊಳ್ಳೋದು.

ಅದಕ್ಕೆ ಬಾಗಿಲಿಗೂ ನಾಯಿಗೂ ಮಧ್ಯ ಇನ್ನೊಂದು ತಡೆ ಇರಲೇಬೇಕು. ಮೆಶ್ ಡೋರ್ ಇದ್ರೆ ಒಳ್ಳೇದು, ಇಲ್ದಿದ್ರೆ ಬೆಲ್ ಆದಾಗ ನಾಯಿನ ಒಂದು ರೂಮಲ್ಲಿ ಬಿಟ್ಟು ಚಿಲಕ ಹಾಕಿ ಆಮೇಲೆ ಬಾಗಿಲು ತೆಗೀರಿ. "ಕಾಲಲ್ಲೇ ಅಡ್ಡ ಹಿಡಿದ್ರೆ ಆಯ್ತು" ಅನ್ನೋದು ಎಲ್ರೂ ಮಾಡೋ ತಪ್ಪು, ಶಿಟ್ಜು ಥರದ ಸಣ್ಣ ನಾಯಿ ಕಾಲಿನ ಸಂದೀಲೇ ಹೋಗ್ಬಿಡುತ್ತೆ. ಬಾಗಿಲ ಒಳಗಡೆ ಕಣ್ಣಿಗೆ ಕಾಣೋ ಹಾಗೆ "ನಾಯಿ ಎಲ್ಲಿದೆ ನೋಡಿ" ಅಂತ ಒಂದು ಚೀಟಿ ಅಂಟಿಸಿ, ಮನೆಯವ್ರು ಅವಸರದಲ್ಲಿ ಮರೀತಾರೆ.

ಬಾಲ್ಕನಿ ಗ್ರಿಲ್ ಸಂದಿ ನೋಡಿ, ತಲೆ ತೂರುತ್ತೆ ಅಂದ್ರೆ ಸಣ್ಣ ನಾಯಿಯ ಮೈನೂ ತೂರುತ್ತೆ ಅಂತ್ಲೇ ತಿಳ್ಕೊಳ್ಳಿ. ಗೋಡೆ ಪಕ್ಕ ಕುಂಡ, ಸ್ಟೂಲು, ಹಳೇ ವಾಶಿಂಗ್ ಮೆಷಿನ್ನು ಇದ್ರೆ ಎಳೆದಿಡಿ, ಅದನ್ನೇ ಹತ್ತಿ ಹಾರೋಕೆ ನೋಡುತ್ತೆ. ಟೆರೇಸಿಗೆ ಲೀಶ್ ಇಲ್ದೇ ಕರ್ಕೊಂಡು ಹೋಗಲೇಬೇಡಿ.

## ಹಂತ 3: ನೆಲದ ಮೇಲೆ ಕೂತು ಮನೆ ನೋಡಿ

ನಿಂತು ನೋಡಿದ್ರೆ ಗೊತ್ತಾಗಲ್ಲ. ಪ್ರತಿ ರೂಮಲ್ಲೂ ಒಂದು ಸಲ ನೆಲದ ಮೇಲೆ ಕೂತು, ಬಾಯಿಗೆ ಏನೇನು ಸಿಗುತ್ತೆ ನೋಡಿ.

ಅಡುಗೆಮನೆ. ಈರುಳ್ಳಿ ಬುಟ್ಟಿ ಕೆಳಗಿದ್ರೆ ಮೇಲೆತ್ತಿ. ಕಸದ ಡಬ್ಬಕ್ಕೆ ಮುಚ್ಚಳ ಇರಬೇಕು, ಬೇಯಿಸಿದ ಕೋಳಿ ಮೂಳೆ, ಜೋಳದ ದಿಂಡು, ಮಾವಿನ ಓಟೆ ನುಂಗಿದ್ರೆ ಗಂಟಲಲ್ಲೋ ಕರುಳಲ್ಲೋ ಸಿಕ್ಕಾಕ್ಕೊಳ್ಳುತ್ತೆ. ಜಿರಳೆ ಔಷಧಿ, ಇಲಿ ಪಾಷಾಣ ಎಲ್ಲಾದ್ರೂ ಮೂಲೇಲಿ ಇಟ್ಟು ಮರೆತಿದ್ದೀರಾ ಅಂತ ನೆನಪು ಮಾಡ್ಕೊಂಡು ತೆಗೀರಿ.

ದೇವರ ಮನೆ. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ತುಪ್ಪದ ಬತ್ತಿ ವಾಸನೆಗೆ ನಾಯಿ ನೇರ ದೀಪದ ಹತ್ರ ಹೋಗುತ್ತೆ, ಆರಿಹೋದ ದೀಪದ ತುಪ್ಪ ನೆಕ್ಕೋಕೆ ಹೋಗಿ ಹತ್ತಿ ಬತ್ತಿನೂ ನುಂಗುತ್ತೆ, ಉರೀತಿದ್ರೆ ಮೂತಿ ಸುಟ್ಕೊಳ್ಳುತ್ತೆ. ಪೂಜೆ ಮುಗಿದ ಮೇಲೆ ಬಾಗಿಲು ಹಾಕಿ, ಬಾಗಿಲಿಲ್ಲದ ಮೂಲೆ ಆದ್ರೆ ದೀಪ ಎತ್ತರಕ್ಕಿಡಿ. ಪ್ರಸಾದದ ಒಣದ್ರಾಕ್ಷಿ ಕೆಳಗೆ ಬಿದ್ದಿದ್ರೆ ಆರಿಸಿ.

ಬೀರು, ಬಾತ್‌ರೂಮು. ನುಸಿಗುಳಿಗೆ ನಾಯಿಗೆ ವಿಷ, ಬೀರು ಬಾಗಿಲು ಭದ್ರ ಇರಲಿ. ಮಾತ್ರೆ ಶೀಟು ಮಂಚದ ಪಕ್ಕದ ಟೇಬಲ್ ಮೇಲೆ ಇಡಬೇಡಿ.

ನಿಮ್ಮ ಹವ್ಯಾಸದ ಮೂಲೆ. ಹೊಲಿಗೆ, ಕ್ರೋಶಾ ಮಾಡೋರ ಮನೇಲಿ ಸೂಜಿಗಿಂತ ದಾರದ ಭಯ ಹೆಚ್ಚು, ನುಂಗಿದ ಉದ್ದ ದಾರ ಕರುಳನ್ನ ಸುರುಳಿ ಮಾಡಿ ಕುಯ್ದುಬಿಡಬಹುದು. ಹಿಂದಿನಿಂದ ದಾರ ನೇತಾಡ್ತಾ ಇದ್ರೂ ಎಳೀಬೇಡಿ, ಹಾಗೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಕೈತೋಟ ಮಾಡೋರು ಗೊಬ್ಬರದ ಚೀಲಗಳನ್ನ ನೋಡಿ. ಹರಳು ಹಿಂಡಿ ತುಂಬಾ ಅಪಾಯ, ಹರಳಲ್ಲಿರೋ ರಿಸಿನ್ ಅನ್ನೋ ವಿಷ ಹಿಂಡಿಯಲ್ಲೂ ಉಳಿದಿರಬಹುದು, ಅದರ ವಾಸನೆಗೆ ನಾಯಿ ಮಣ್ಣು ಕೆದಕಿ ತಿನ್ನುತ್ತೆ, ಮೂಳೆ ಪುಡಿ ಜೊತೆ ಬೆರೆಸಿದ್ರಂತೂ ಕೇಳೋದೇ ಬೇಡ. ಇತ್ತೀಚೆಗೆ ಹಾಕಿದ್ರೆ ಆ ಕುಂಡಗಳ ಹತ್ರ ನಾಯಿನ ಬಿಡಲೇಬೇಡಿ. ಬಸವನಹುಳಕ್ಕೆ ಹಾಕೋ ಗುಳಿಗೆನೂ ಹಾಗೇ. ಗಿಡಗಳಲ್ಲಿ ಕಣಗಿಲೆ, ಸೈಕಸ್, ಡೈಫನ್‌ಬೇಕಿಯಾ ಇದ್ರೆ ಕೈಗೆಟುಕದ ಕಡೆ ಇಡಿ.

## ಹಂತ 4: ಕರ್ಕೊಂಡು ಬರೋದು, ಮೊದಲ ಎರಡು ಗಂಟೆ

ಆಗೋದಾದ್ರೆ ಫ್ರೆಂಡೇ ಬಂದು ಬಿಟ್ಟು ಹೋಗ್ಲಿ, ಆದ್ರೆ ನೇರ ಒಳಗೆ ಬೇಡ. ಮೊದಲು ರಸ್ತೇಲಿ ಮೂರೂ ಜನ ಸೇರಿ ಒಂದು ಹದಿನೈದು ಇಪ್ಪತ್ತು ನಿಮಿಷ ನಡೀರಿ, ಅರ್ಧ ದಾರೀಲಿ ಲೀಶು ನಿಮ್ಮ ಕೈಗೆ ಬರಲಿ. ಉಚ್ಚೆ ಕಕ್ಕ ಹೊರಗೇ ಆಗಿಬಿಟ್ರೆ ಒಳಗೆ ಬಂದ್ಮೇಲಿನ ಅರ್ಧ ತೊಂದ್ರೆ ಅಲ್ಲೇ ಮುಗೀತು.

ಒಳಗೆ ಬಂದ್ಮೇಲೂ ಲೀಶ್ ಬಿಚ್ಚಬೇಡಿ. ನೀವೇ ಹಿಡ್ಕೊಂಡು ಒಂದೊಂದೇ ರೂಮು ತೋರಿಸಿ, ಮೂಸಲಿ, ಅವಸರ ಮಾಡ್ಬೇಡಿ. ಆಮೇಲೆ ಅದರ ಚಾಪೆ ಇರೋ ಜಾಗಕ್ಕೆ ಕರ್ಕೊಂಡು ಬನ್ನಿ. ಈ ಜಾಗ ಗೋಡೆ ಮೂಲೇಲಿ ಇರಬೇಕು, ಜನ ಓಡಾಡೋ ದಾರೀಲಲ್ಲ, ಆದ್ರೆ ಅಲ್ಲಿಂದ ನೀವು ಕಾಣಬೇಕು. ಅಡುಗೆಮನೆ ಬಾಗಿಲ ಪಕ್ಕ ಬೇಡ, ಸೀಟಿ ಹೊಡೆದಾಗೆಲ್ಲಾ ಬೆಚ್ಚಿ ಬೀಳುತ್ತೆ.

ಎರಡು ಗಂಟೆ ಯಾರೂ ಮುಟ್ಟೋದು ಬೇಡ. ಮಕ್ಕಳಿಗೆ ಇದನ್ನ ಹೇಳೋದು ಕಷ್ಟ, ಆದ್ರೂ ಹೇಳಲೇಬೇಕು. ನಾಯಿ ಮುಖ ಆ ಕಡೆ ತಿರುಗಿಸೋದು, ಸುಮ್ಸುಮ್ನೆ ಆಕಳಿಸೋದು, ಮತ್ತೆ ಮತ್ತೆ ತುಟಿ ನೆಕ್ಕೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಗಣ್ಣಲ್ಲಿ ನೋಡೋದು, ಮೈ ಬಿಗಿ ಮಾಡ್ಕೊಂಡು ನಿಲ್ಲೋದು, ಇವೆಲ್ಲ "ದೂರ ಇರು" ಅಂತ ಅದು ಹೇಳೋ ರೀತಿ. ಬಾಲ ಅಲ್ಲಾಡಿಸ್ತಿದೆ ಅಂದ ಮಾತ್ರಕ್ಕೆ ಖುಷಿಯಾಗಿದೆ ಅಂತಲ್ಲ. ಗುರ್ ಅಂದ್ರೆ ಬೈಬೇಡಿ, ಹೊಡೀಬೇಡಿ, ಹಿಂದೆ ಸರೀರಿ ಅಷ್ಟೇ. ಗುರ್ ಅನ್ನೋದು ಕಚ್ಚೋ ಮುಂಚಿನ ಎಚ್ಚರಿಕೆ, ಅದನ್ನ ಬೈದು ನಿಲ್ಲಿಸಿದ್ರೆ ಮುಂದಿನ ಸಲ ಎಚ್ಚರಿಕೆ ಇಲ್ದೇ ನೇರ ಹಲ್ಲು ಬೀಳುತ್ತೆ.

## ಹಂತ 5: ಊಟ

ಮೊದಲ ದಿನ ತಿನ್ನದೇ ಇದ್ರೆ ಗಾಬರಿ ಬೇಡ, ನೀರು ಕುಡೀತಿದೆಯಾ ನೋಡಿ. ಎಲ್ರೂ ಇಲ್ಲೇ ಎಡವೋದು. ತಿನ್ನಲಿಲ್ಲ ಅಂತ ಹಾಲು, ಹಾಲೂ ಬೇಡ ಅಂದ್ರೆ ಮೊಟ್ಟೆ, ಅದೂ ಬೇಡ ಅಂದ್ರೆ ಚಿಕನ್ನು ಅಂತ ಒಂದಾದ್ಮೇಲೊಂದು ಇಟ್ಟು, ರಾತ್ರಿ ಭೇದಿ ಶುರು ಆಗುತ್ತೆ. ಅವ್ರ ಮನೆಯ ಊಟವನ್ನೇ, ಅವ್ರ ಮನೆಯ ಟೈಮಿಗೇ ಇಡಿ, ಇಪ್ಪತ್ತು ನಿಮಿಷ ನೋಡಿ, ಮುಟ್ಟದೇ ಇದ್ರೆ ಮಾತಾಡದೇ ಎತ್ತಿಬಿಡಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ಇದು ಬೆಳೆದ, ಆರೋಗ್ಯವಾಗಿರೋ ನಾಯಿಗೆ. ಮರಿ, ವಯಸ್ಸಾದದ್ದು, ಶುಗರ್ ಔಷಧಿ ತಗೊಳ್ಳೋದು ಆದ್ರೆ ಒಂದು ಹೊತ್ತು ಬಿಟ್ರೂ ಡಾಕ್ಟ್ರಿಗೆ ಫೋನ್ ಮಾಡಿ.

ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ (ಬೆಂದಿದ್ರೂ ಸರಿ, ಸಾಂಬಾರಲ್ಲಿ ಕರಗಿಹೋಗಿದ್ರೂ ಸರಿ, ರಕ್ತದ ಕೆಂಪು ಕಣ ಹಾಳು ಮಾಡುತ್ತೆ, ಲಕ್ಷಣ ಕೆಲವು ದಿನ ಆದ್ಮೇಲೆ ಕಾಣುತ್ತೆ), ದ್ರಾಕ್ಷಿ ಒಣದ್ರಾಕ್ಷಿ (ಕಿಡ್ನಿಗೆ ಹೊಡೆತ, ಹಾಗಾಗಿ ಕೇಸರಿಬಾತು ಪಾಯಸ ಬೇಡ), ಚಾಕ್ಲೇಟು, ಕಾಫಿ ಪುಡಿ, ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಇರೋ ಶುಗರ್‌ಫ್ರೀ ಚೂಯಿಂಗ್ ಗಮ್ಮು. ಮನೆಗೆ ಬಂದ ಅಜ್ಜಿ ತಾತಂದ್ರಿಗೆ ಇದನ್ನ ಬಿಡಿಸಿ ಹೇಳಿ, "ಒಂದು ತುತ್ತು ಅನ್ನ ಸಾರಿಗೆ ಏನಾಗುತ್ತೆ" ಅಂತ ಪ್ರೀತಿಯಿಂದ್ಲೇ ಹಾಕಿರ್ತಾರೆ.

## ಹಂತ 6: ಮನೆಗೆಲಸದ ಕ್ರಮ

ನಾಯಿ ಇದ್ದಾಗ ಕೆಲಸ ಆಗಲ್ಲ ಅನ್ನೋದು ಸುಳ್ಳು, ದಿನದ ಕ್ರಮ ಬದಲಾಯಿಸಬೇಕು ಅಷ್ಟೇ. ಬೆಳಿಗ್ಗೆ ಎದ್ದ ತಕ್ಷಣ ವಾಕು, ಬಂದು ಸ್ವಲ್ಪ ಸುಧಾರಿಸ್ಕೊಂಡ್ಮೇಲೆ ಊಟ, ತಿಂದ ನಾಯಿ ಮಲಗುತ್ತೆ, ಆಗ ಗುಡಿಸೋದು ಒರೆಸೋದು. ವಾಕ್ ಮುಂಚೆ ಪೊರಕೆ ಹಿಡಿದ್ರೆ ಅದಕ್ಕೆ ಪೊರಕೆನೇ ಆಟದ ಸಾಮಾನು, ಹಿಡಿ ಕಚ್ಚಿ ಎಳೆಯುತ್ತೆ.

ಗುಡಿಸುವಾಗ ಕೂದಲು ಹಾರಿ ಮತ್ತೆ ಕೂರುತ್ತೆ, ಅದಕ್ಕೆ ಫ್ಯಾನ್ ಆಫ್ ಮಾಡಿ ನಿಧಾನಕ್ಕೆ ಗುಡಿಸಿ, ಮೂಲೆಗಳಲ್ಲಿ ಒದ್ದೆ ಬಟ್ಟೇಲಿ ಎಳ್ಕೊಳ್ಳಿ. ಸೋಫಾಕ್ಕೆ ರಬ್ಬರ್ ಗ್ಲೌಸ್ ಹಾಕ್ಕೊಂಡು ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿದ್ರೆ ಕೂದಲೆಲ್ಲ ಉಂಡೆ ಕಟ್ಕೊಂಡು ಬರುತ್ತೆ.

ಒರೆಸೋ ನೀರಿಗೆ ಫಿನಾಯಿಲ್ ಹಾಕಲೇಬೇಕು ಅಂದ್ರೆ ನಾಯಿನ ಬೇರೆ ರೂಮಲ್ಲಿ ಇಟ್ಟು, ಇನ್ನೊಂದು ಸಲ ಬರೀ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಡಿ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕುತ್ತೆ, ಅಲ್ಲಿಂದ ಹೊಟ್ಟೆಗೆ ಹೋಗುತ್ತೆ. ಆ ನಾಲ್ಕು ದಿನ ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು. ಮಾಪ್ ಬಕೆಟ್ ಹಾಗೇ ಬಿಟ್ಟು ಫೋನಿಗೆ ಹೋಗಬೇಡಿ, ಬಾಯಾರಿದ ನಾಯಿ ಅದನ್ನೇ ಕುಡಿಯುತ್ತೆ.

ಒಳಗೆ ಉಚ್ಚೆ ಹೊಯ್ದಿದ್ರೆ ಮೊದಲು ನ್ಯೂಸ್‌ಪೇಪರ್ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ನೀರು, ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿ. ನೆಲ ಮಾರ್ಬಲ್ ಆದ್ರೆ ವಿನೆಗರ್ ಬೇಡ, ಪಾಲಿಶ್ ತಿಂದು ಕಲೆ ಉಳಿಯುತ್ತೆ, ಪೆಟ್ ಅಂಗಡೀಲಿ ಸಿಗೋ ಎನ್‌ಜೈಮ್ ಕ್ಲೀನರ್ ತನ್ನಿ. ಅಮೋನಿಯಾ ವಾಸನೆ ಇರೋ ಕ್ಲೀನರ್ ಹಾಕಿದ್ರೆ ಅಲ್ಲೇ ಮತ್ತೆ ಹೊಯ್ಯುತ್ತೆ. ನಾಯಿ ಮೂತಿನ ಅದಕ್ಕೆ ತಿಕ್ಕೋದು, ಹೊಡೆಯೋದು ಮಾಡ್ಬೇಡಿ, ದಯವಿಟ್ಟು. ಅದಕ್ಕೆ ಅರ್ಥ ಆಗೋದು ಒಂದೇ, ನಿಮ್ಮ ಮುಂದೆ ಹೊಯ್ಯಬಾರದು ಅಂತ, ಆಮೇಲೆ ಮಂಚದ ಕೆಳಗೆ ಹೋಗಿ ಹೊಯ್ಯುತ್ತೆ.

ಕುಕ್ಕರ್ ಇಡೋ ಮುಂಚೆ ಅಡುಗೆಮನೆ ಬಾಗಿಲು ಹಾಕಿ. ವಾಶಿಂಗ್ ಮೆಷಿನ್ನಿಗೆ ಬಟ್ಟೆ ಹಾಕೋ ಮುಂಚೆ ಚೆನ್ನಾಗಿ ಕೊಡವಿ, ಮುಗಿದ್ಮೇಲೆ ಫಿಲ್ಟರ್ ತೆಗೆದು ನೋಡಿ.

## ಹಂತ 7: ವಾಕು

ಬೆಲ್ಟಿಗೊಂದು, ಹಾರ್ನೆಸ್ಸಿಗೊಂದು, ಎರಡು ಲೀಶು ಹಾಕಿ, ಒಂದು ಕಳಚಿದ್ರೂ ಇನ್ನೊಂದು ಇರುತ್ತೆ. ಬೆಲ್ಟಿನ ಒಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ. ಮುಧೋಳ ನಾಯಿ ಆದ್ರೆ ಇನ್ನೂ ಹುಷಾರು, ತಲೆ ಸಪೂರ, ಹಿಂದಕ್ಕೆ ಜಗ್ಗಿದ್ರೆ ಬೆಲ್ಟು ಕಿವಿ ದಾಟಿ ಜಾರಿ ಬರುತ್ತೆ, ಬೆಕ್ಕೋ ಅಳಿಲೋ ಕಂಡ್ರೆ ಓಡೋ ಓಟಕ್ಕೆ ನೀವು ಸಾಟಿಯಲ್ಲ. ಲೀಶನ್ನ ಮುಂಗೈಗೆ ಸುತ್ಕೊಳ್ಳಬೇಡಿ, ಕೊನೆಯ ಕುಣಿಕೇಲಿ ಕೈ ತೂರಿಸಿ ಹಿಡೀರಿ.

ಬೇಸಿಗೇಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಬಿಸಿಲು ತಗ್ಗಿದ ಮೇಲೆ. ರಸ್ತೆ ಮೇಲೆ ಅಂಗೈ ಹಿಂಭಾಗ ಇಟ್ಟು ಐದಾರು ಸೆಕೆಂಡು ತಡ್ಕೊಳ್ಳೋಕೆ ಆಗದಿದ್ರೆ ಅದರ ಪಾದಕ್ಕೂ ಆಗಲ್ಲ. ಬೀದಿನಾಯಿಗಳು ಬಂದ್ರೆ ಓಡಬೇಡಿ, ನಿಮ್ಮ ನಾಯಿನ ನಿಮ್ಮ ಪಕ್ಕಕ್ಕೆ ಎಳ್ಕೊಂಡು, ದೃಷ್ಟಿ ಬೇರೆ ಕಡೆ ಇಟ್ಟು ದಾರಿ ಬದಲಾಯಿಸಿ.

ವಾಪಸ್ ಬಂದ್ಮೇಲೆ ಕಿವಿ ಒಳಗೆ, ಕಾಲ್ಬೆರಳ ಸಂದಿ, ಬೆಲ್ಟಿನ ಕೆಳಗೆ ಉಣುಗು ಇದೆಯಾ ನೋಡಿ. ಸಿಕ್ಕಿದ್ರೆ ಚಿಮಟದಲ್ಲಿ ಚರ್ಮಕ್ಕೆ ತಾಗೋ ಹಾಗೆ ಹಿಡಿದು ನೇರ ಎಳೀರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

## ಹಂತ 8: ರಾತ್ರಿ, ಮತ್ತೆ ಒಂಟಿಯಾಗಿ ಬಿಡೋದು

ಮಲಗೋ ಮುಂಚೆ ಕೊನೆಯ ಸಲ ಹೊರಗೆ ಕರ್ಕೊಂಡು ಹೋಗಿ. ಟೀ ಶರ್ಟ್ ಚಾಪೆ ಮೇಲಿಡಿ, ಮೊದಲ ರಾತ್ರಿ ನೀವು ಅದೇ ರೂಮಲ್ಲಿ ಮಲಗಿ, ಅಳೋದು ಬಹಳ ಮಟ್ಟಿಗೆ ಕಮ್ಮಿ ಆಗುತ್ತೆ. ಸೊಳ್ಳೆ ಬತ್ತಿ ಅದರ ಮೂತಿ ಹತ್ರ ಬೇಡ.

ಮೊದಲ ದಿನವೇ ಆಫೀಸಿಗೆ ಹೋಗೋ ಪ್ಲಾನ್ ಇದ್ರೆ ನಾಯಿ ಒಪ್ಕೊಳ್ಳಬೇಡಿ. ಮೊದಲು ಐದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಹದಿನೈದು, ಆಮೇಲೆ ಅರ್ಧ ಗಂಟೆ. ಹೋಗುವಾಗ ಟಾಟಾ ಬೈಬೈ ಏನೂ ಬೇಡ. ಪಟಾಕಿ ದಿನಗಳಲ್ಲಿ ಒಂಟಿಯಾಗಿ ಬಿಡಲೇಬೇಡಿ, ಕಿಟಕಿ ಮುಚ್ಚಿ ಟೀವಿ ಹಾಕಿ, ಮಂಚದ ಕೆಳಗೆ ಸೇರ್ಕೊಂಡ್ರೆ ಹೊರಗೆಳೀಬೇಡಿ.

## ಕಾಯದೇ ಡಾಕ್ಟ್ರ ಹತ್ರ ಓಡಬೇಕಾದ ಲಕ್ಷಣಗಳು

ಆರೋಗ್ಯವಾಗಿರೋ ನಾಯಿಯ ಮೈ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಹಾಗಾಗಿ ಮುಟ್ಟಿದ್ರೆ ಬೆಚ್ಚಗಿರೋದು ಸಹಜ. ಬಂದ ದಿನವೇ ಒಸಡಿನ ಬಣ್ಣ ನೋಡಿಟ್ಕೊಳ್ಳಿ, ಆಮೇಲೆ ಹೋಲಿಸೋಕೆ ಬೇಕಾಗುತ್ತೆ.

- ಒಸಡು ಬೆಳ್ಳಗೆ, ನೀಲಿ ಅಥವಾ ಇಟ್ಟಿಗೆ ಕೆಂಪಾಗಿದ್ರೆ
- ವಾಂತಿಗೆ ಒತ್ತಿ ಒತ್ತಿ ಏನೂ ಬರದೇ, ಹೊಟ್ಟೆ ಉಬ್ಬಿದ್ರೆ. ದೊಡ್ಡ ನಾಯಿಗಳಲ್ಲಿ ಹೊಟ್ಟೆ ತಿರುಚ್ಕೊಳ್ಳೋದು ಹೀಗೇ, ಗಂಟೆಗಳಲ್ಲಿ ಜೀವ ಹೋಗುತ್ತೆ
- ರಕ್ತ ಭೇದಿ, ಅದ್ರಲ್ಲೂ ಮರಿಗೆ
- ಮೂಗಲ್ಲಿ ರಕ್ತ, ಜ್ವರ, ಸುಸ್ತು. ಉಣುಗು ಕಚ್ಚಿ ಬರೋ ಟಿಕ್ ಫೀವರ್ ಇರಬಹುದು
- ನಿಲ್ಲದ ಏದುಸಿರು, ಜೊಲ್ಲು, ತೂರಾಡೋದು. ಪಗ್ ಥರದ ಚಪ್ಪಟೆ ಮೂತಿ ನಾಯಿಗಳಿಗೆ ಬಿಸಿಲಿನ ಹೊಡೆತ ಬೇಗ. ಮಾಮೂಲಿ ತಣ್ಣೀರು ಮೈಮೇಲೆ ಹಾಕಿ ಫ್ಯಾನ್ ಹಿಡಿದು, ತಕ್ಷಣ ಕರ್ಕೊಂಡು ಹೋಗಿ

ಡೋಲೋ, ಕ್ರೋಸಿನ್, ಬ್ರೂಫೆನ್ ಯಾವುದೂ ಕೊಡಬೇಡಿ, ಅರ್ಧ ಮಾತ್ರೆನೂ ಬೇಡ. ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ, ಉಪ್ಪೇ ಇನ್ನೊಂದು ವಿಷ ಆಗುತ್ತೆ, ತಿಂದ ವಸ್ತುವಿನ ಕವರ್ ಹಿಡ್ಕೊಂಡು ಓಡಿ. ಬೆಂಗಳೂರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಆದ್ರೆ ರಾತ್ರಿ ಹೊತ್ತು ನಿಮ್ಮ ಏರಿಯಾದಲ್ಲಿ ಯಾವ ಕ್ಲಿನಿಕ್ ತೆಗೆದಿರುತ್ತೆ ಅಂತ ನಾಯಿ ಬರೋ ಮುಂಚೆನೇ ಫೋನ್ ಮಾಡಿ ಕೇಳಿಟ್ಕೊಳ್ಳಿ.

ನಿಮಗೆ ಕಚ್ಚಿದ್ರೆ, ಹಲ್ಲು ತಾಗಿ ಗೀರಾದ್ರೂ, ಹರಿಯೋ ನೀರಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿ ಪುಡಿ ಒತ್ತಬೇಡಿ. ನಾಯಿಗೆ ಇಂಜೆಕ್ಷನ್ ಆಗಿದೆ ಅನ್ನೋದನ್ನ ಡಾಕ್ಟ್ರಿಗೆ ಹೇಳಿ, ನಿಮಗೆ ಬೇಕಾ ಬೇಡ್ವಾ ಅಂತ ತೀರ್ಮಾನ ಅವ್ರು ಮಾಡ್ಲಿ.

## ಓಡಿಹೋದ್ರೆ

ಕಣ್ಣಿಗೆ ಕಾಣ್ತಿದ್ರೆ ಅಟ್ಟಿಸ್ಕೊಂಡು ಹೋಗಬೇಡಿ, ಅಟ್ಟಿದಷ್ಟೂ ಓಡುತ್ತೆ. ಅಲ್ಲೇ ಪಕ್ಕಕ್ಕೆ ತಿರುಗಿ ಕೂತ್ಕೊಂಡು ಮೆತ್ತಗೆ ಕರೀರಿ, ಇಲ್ಲಾ ಉಲ್ಟಾ ದಿಕ್ಕಿಗೆ ಹೆಜ್ಜೆ ಹಾಕಿ, ಬಹಳ ನಾಯಿಗಳು ಹಿಂದೆ ಬರ್ತವೆ. ಕಾಣೆಯಾಗಿದ್ರೆ ಆ ಕ್ಷಣವೇ ಫ್ರೆಂಡಿಗೆ ಹೇಳಿ, ಮುಚ್ಚಿಡಬೇಡಿ, ಅವ್ರ ಮನೆ ಹತ್ರ ಇದ್ರೆ ಅಲ್ಲಿಗೊಬ್ರನ್ನ ಕಳಿಸಿ. ಚಾಪೆ, ಟೀ ಶರ್ಟು ನಿಮ್ಮ ಗೇಟಿನ ಹೊರಗಿಡಿ. ಫೋಟೋ ಮತ್ತೆ ನಂಬರನ್ನ ಏರಿಯಾ ವಾಟ್ಸಾಪ್ ಗ್ರೂಪಿಗೆ, ಹತ್ತಿರದ ಕ್ಲಿನಿಕ್ಕುಗಳಿಗೆ, ಬೀದಿನಾಯಿಗಳಿಗೆ ಊಟ ಹಾಕೋರಿಗೆ ಕಳಿಸಿ, ಹೊಸ ನಾಯಿ ಬಂದ್ರೆ ಮೊದಲು ಗೊತ್ತಾಗೋದು ಅವ್ರಿಗೇ.

## ಹಂತ 9: ವಾಪಸ್ ಕಳಿಸೋ ದಿನ

ಹೋಗೋ ಖುಷೀಲಿ ಬಾಗಿಲಿಗೆ ನುಗ್ಗುತ್ತೆ, ಹಾಗಾಗಿ ಫ್ರೆಂಡ್ ಒಳಗೆ ಬಂದು ಬಾಗಿಲು ಹಾಕಿದ ಮೇಲೇನೇ ಲೀಶು ಅವ್ರ ಕೈಗೆ ಕೊಡಿ. ಎಷ್ಟು ತಿಂತು, ಕಕ್ಕ ಹೇಗಿತ್ತು, ಉಣುಗು ಸಿಕ್ತಾ, ಯಾವುದಕ್ಕಾದ್ರೂ ಗುರ್ ಅಂತಾ, ಇದನ್ನ ಮರೆಮಾಚದೇ ಹೇಳಿ, ಬೇಜಾರಾಗುತ್ತೆ ಅಂತ ಗುರ್ ಅಂದಿದ್ದನ್ನ ಹೇಳದೇ ಬಿಟ್ರೆ ಮುಂದಿನ ಸಲ ಇನ್ಯಾರದ್ದೋ ಮನೆ ಮಗುಗೆ ಹಲ್ಲು ಬೀಳುತ್ತೆ. ನಾಯಿ ಮುಟ್ಟಿದ ಬೆಡ್‌ಶೀಟು, ಸೋಫಾ ಕವರ್ರು ಬಿಸಿನೀರಲ್ಲಿ ಒಗೀರಿ. ಗೋಡೆ ಬಿರುಕು, ಮಂಚದ ಸಂದಿ, ಕರ್ಟನ್ ಮಡಿಕೆಗಳಲ್ಲಿ ಕೆಲವು ವಾರ ಆಗಾಗ ಟಾರ್ಚ್ ಹಾಕಿ ನೋಡ್ತಾ ಇರಿ, ಉಣುಗು ಮೈಯಿಂದ ಉದುರಿ ಅಲ್ಲಿ ಮೊಟ್ಟೆ ಇಟ್ಟಿರಬಹುದು, ಸಣ್ಣ ಕಂದು ಹುಳಗಳು ಗೋಡೆ ಹತ್ತೋದು ಕಂಡ್ರೆ ಆ ನಾಯಿಯ ಓನರ್‌ಗೂ ಅವತ್ತೇ ತಿಳಿಸಿ.